ಎರಡು ಹಲ್ಲಿನ ಕುದುರೆ: ಫೇರಿಹೌಸ್ ಹರಾಜಿನಲ್ಲಿ ನಾಲ್ಕು ದಿನ

ಸೋಮವಾರ

ಅಪ್ಪ ಡಬ್ಲಿನ್ನಿಗೆ ಬಂದು ಮೂರು ವಾರ ಆಗಿತ್ತು. ಮೊದಲ ವಾರ ಸಮುದ್ರ ತೋರಿಸಿದೆ, ಎರಡನೇ ವಾರ ಟ್ರಿನಿಟಿ ಕಾಲೇಜು ತೋರಿಸಿದೆ. ಮೂರನೇ ವಾರ ಅವರು ಸೋಫಾ ಮೇಲೆ ಕೂತು, ರಾತ್ರಿ ಹತ್ತಾಗುವವರೆಗೂ ಮುಳುಗದ ಜೂನ್ ತಿಂಗಳ ಸೂರ್ಯನನ್ನು ಬೈಯಲು ಶುರು ಮಾಡಿದರು. "ಇದೇನ್ ಹಗಲೋ! ಉಣ್ಣೋದ್ ಯಾವಾಗ, ಮಲಗೋದ್ ಯಾವಾಗ?"

ಅಪ್ಪನಿಗೆ ಬೇಕಾಗಿದ್ದು ದನದ ಜಾತ್ರೆ. ಗುಬ್ಬಿ ತಾಲ್ಲೂಕಿನ ನಮ್ಮೂರಲ್ಲಿ ಮೂವತ್ತು ವರ್ಷ ಅವರು ಮಾಡಿದ್ದು ಅದನ್ನೇ: ಹಳ್ಳಿಕಾರ್ ಹೋರಿಗರು ತರುವುದು, ಒಂದೆರಡು ವರ್ಷ ಮೇಯಿಸಿ ತಿದ್ದುವುದು, ಜೋಡಿ ಮಾಡಿ ಸಿದ್ಧಗಂಗೆಯಲ್ಲೋ ಘಾಟಿಯಲ್ಲೋ ಮಾರುವುದು. ಹಾಗಾಗಿ ಕುಣಿಗಲ್ ಹುಡುಗ ಫೋನ್ ಮಾಡಿ, "ಅಣ್ಣಾ, ಬುಧವಾರ ನಮ್ಮ ಯಜಮಾನರ ಕುದುರೆ ಹರಾಜಿಗೆ ಹೋಗ್ತದೆ, ದೊಡ್ಡಪ್ಪನ್ನ ಕರ್ಕೊಂಡ್ ಬನ್ನಿ" ಅಂದಾಗ ಅಪ್ಪ ಸೋಫಾದಿಂದ ಎದ್ದರು.

ಈ ಹುಡುಗ ಕನ್ನಡ ಸಂಘದ ಯುಗಾದಿ ಊಟದಲ್ಲಿ ಪರಿಚಯವಾದವನು. ಟಿಪ್ಪು ಕಾಲದಿಂದ ಕುದುರೆ ಸಾಕಿಕೊಂಡು ಬಂದ ಕುಣಿಗಲ್ಲಿನ ಫಾರಂನಲ್ಲಿ ಅವರಪ್ಪ ಕುದುರೆ ನೋಡಿಕೊಳ್ಳುವ ಸೈಸ್. ಇವನು ಬೆಂಗಳೂರು ರೇಸ್‌ಕೋರ್ಸಿನಲ್ಲಿ ಬೆಳಗಿನ ಹೊತ್ತು ಕುದುರೆ ಓಡಿಸಿಕೊಂಡಿದ್ದವನು, ನಾಲ್ಕು ವರ್ಷದ ಹಿಂದೆ ವೆಕ್ಸ್‌ಫರ್ಡ್ ಕೌಂಟಿಯ ಒಂದು ಲಾಯಕ್ಕೆ ಬಂದ. ಐರ್ಲೆಂಡಿನ ಲಾಯಗಳಲ್ಲಿ ಈಗ ಭಾರತದ ಹುಡುಗರು ಸಾಕಷ್ಟು ಇದ್ದಾರೆ. ಬೆಳಗಿನ ಜಾವ ನಾಲ್ಕು ಡಿಗ್ರಿ ಚಳಿಯಲ್ಲಿ ಕುದುರೆ ಮೇಲೆ ಕೂರುವುದಕ್ಕೆ ಊರಿನ ಹುಡುಗರು ಮೊದಲಿನ ಹಾಗೆ ಸಿಗುತ್ತಿಲ್ಲ.

ಹರಾಜಿಗೆ ಇನ್ನೆರಡು ದಿನ ಇದ್ದದ್ದರಿಂದ ಅಪ್ಪನನ್ನು ಮೊದಲು ಕಿಲ್ಡೇರ್ ಪಕ್ಕದ ತುಲಿಗೆ, ರೇಸ್ ಕುದುರೆ ತಳಿ ಬೆಳೆಸುವ ಐರಿಷ್ ನ್ಯಾಷನಲ್ ಸ್ಟಡ್‌ಗೆ ಕರೆದುಕೊಂಡು ಹೋದೆ. 1900ರಲ್ಲಿ ಇದನ್ನು ಕಟ್ಟಿದ ಕರ್ನಲ್ ವಿಲಿಯಂ ಹಾಲ್ ವಾಕರ್ ಎಂಬ ಮನುಷ್ಯನಿಗೆ ಜ್ಯೋತಿಷ್ಯದ ಹುಚ್ಚು. ಮರಿ ಹುಟ್ಟಿದ ಗಳಿಗೆ ಬರೆದಿಟ್ಟು ಜಾತಕ ಹಾಕಿಸುತ್ತಿದ್ದ. ಜಾತಕ ಚೆನ್ನಾಗಿಲ್ಲದಿದ್ದರೆ ಮರಿ ಎಷ್ಟೇ ಚೆಂದ ಇರಲಿ, ಮಾರಿಬಿಡುತ್ತಿದ್ದ. ಚಂದ್ರ, ನಕ್ಷತ್ರಗಳ ಬೆಳಕು ಕುದುರೆಗಳ ಮೇಲೆ ಬೀಳಲಿ ಎಂದು ಲಾಯದ ಸೂರಿಗೆ ಬೆಳಕಿಂಡಿ ಇಡಿಸಿದ್ದ; ಅವು ಈಗಲೂ ಇವೆ. ಹುಚ್ಚ ಅನ್ನುವ ಹಾಗೂ ಇಲ್ಲ. ಅವನು ಬೆಳೆಸಿದ ಮಿನೋರು ಎಂಬ ಕುದುರೆ ಏಳನೇ ಎಡ್ವರ್ಡ್ ದೊರೆಯ ಹೆಸರಲ್ಲಿ ಓಡಿ ಇಂಗ್ಲೆಂಡಿನ ದೊಡ್ಡ ಪಂದ್ಯವಾದ ಡರ್ಬಿಯನ್ನು 1909ರಲ್ಲಿ ಗೆದ್ದಿತು.

ಇದನ್ನೆಲ್ಲ ನಾನು ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ಅಪ್ಪ ಸೂರು ನೋಡುತ್ತಾ ಕೇಳಿದರು: "ಜಾತಕ ಇರ್ಲಿ. ಸುಳಿ ನೋಡ್ತಿದ್ನಾ?"

ಸುಳಿ ಅಂದರೆ ಮೈಮೇಲಿನ ಕೂದಲು ತಿರುಗಿಕೊಂಡು ಬೀಳುವ ಜಾಗ. ಹಣೆಯ ಸುಳಿ ಒಂದು ಫಲ, ಬೆನ್ನಿನ ಸುಳಿ ಇನ್ನೊಂದು ಫಲ. ಸುಳಿ ಕೆಟ್ಟ ಎತ್ತನ್ನು ಅಪ್ಪ ಅರ್ಧ ಬೆಲೆಗೆ ಕೊಟ್ಟರೂ ಹಟ್ಟಿಗೆ ತಂದವರಲ್ಲ. ಕರ್ನಲ್ ಸುಳಿ ನೋಡುತ್ತಿದ್ದನೋ ಇಲ್ಲವೋ ನನಗೆ ಉತ್ತರ ಹೊಳೆಯಲಿಲ್ಲ, ಜಪಾನಿ ತೋಟದ ಕಡೆಗೆ ನಡೆಸಿಕೊಂಡು ಹೋದೆ.

ಅಪ್ಪ ಹೆಚ್ಚು ಹೊತ್ತು ನಿಂತದ್ದು ಅಲ್ಲಿನ ಮ್ಯೂಸಿಯಮ್ಮಿನಲ್ಲಿಟ್ಟಿರುವ ಆರ್ಕಲ್ ಎಂಬ ಕುದುರೆಯ ಅಸ್ಥಿಪಂಜರದ ಮುಂದೆ. ಬೇಲಿ ಹಾರುವ ಕುದುರೆಗಳಲ್ಲಿ ಈವರೆಗೆ ಇದನ್ನು ಮೀರಿಸಿದ್ದಿಲ್ಲ ಎಂದು ಇಲ್ಲಿಯವರು ಎದೆ ತಟ್ಟಿ ಹೇಳುತ್ತಾರೆ. 35 ಪಂದ್ಯ, 27 ಗೆಲುವು, 1964ರಿಂದ 66ರವರೆಗೆ ಮೂರು ವರ್ಷ ಸತತವಾಗಿ ಚೆಲ್ಟ್‌ನಮ್ ಗೋಲ್ಡ್ ಕಪ್. ಕೊನೆಗೆ ಪಂದ್ಯದಲ್ಲೇ ಗೊರಸಿನೊಳಗಿನ ಮೂಳೆ ಮುರಿದು ಓಟ ನಿಂತಿತು. ಆದರೆ ನಾವು ಹೊರಟಿದ್ದ ಕೆಲಸಕ್ಕೆ ಮುಖ್ಯವಾದ ಸಂಗತಿ ಬೇರೆ. 1960ರ ಆಗಸ್ಟಿನಲ್ಲಿ, ಡಬ್ಲಿನ್ನಿನ ಬಾಲ್ಸ್‌ಬ್ರಿಜ್ ಹರಾಜಿನಲ್ಲಿ, ವೆಸ್ಟ್‌ಮಿನ್‌ಸ್ಟರ್ ಡಚೆಸ್ ಈ ಕುದುರೆಯನ್ನು 1,150 ಗಿನಿಗೆ ಕೊಂಡಾಗ ಅದಕ್ಕೆ ಮೂರು ವರ್ಷ. ಬೆನ್ನಿಗೆ ಜೀನು ಬಿದ್ದಿರಲಿಲ್ಲ. ಒಂದು ಬೇಲಿಯನ್ನೂ ಹಾರಿ ತೋರಿಸಿರಲಿಲ್ಲ.

"ಮತ್ತೆ ಏನ್ ನೋಡಿ ಕೊಂಡ್ಲು ಆ ಯಮ್ಮ?" ಅಂದರು ಅಪ್ಪ.

ಮಂಗಳವಾರ

ಡಬ್ಲಿನ್ ಬಿಟ್ಟು ಉತ್ತರಕ್ಕೆ ಅರ್ಧ ಗಂಟೆ. ಆಶ್‌ಬೋರ್ನ್ ಪೇಟೆಯಲ್ಲಿ ಮತ್ತೆ ಆರ್ಕಲ್, ಈ ಸಲ ಕಂಚಿನಲ್ಲಿ, ಬೆನ್ನ ಮೇಲೆ ಅದರ ಜಾಕಿ ಪ್ಯಾಟ್ ಟಾಫ್ ಸಮೇತ. ನಮ್ಮ ಕಡೆ ಸರ್ಕಲ್ಲಿಗೆ ಸಂಗೊಳ್ಳಿ ರಾಯಣ್ಣ ಇದ್ದಂತೆ. ಅಲ್ಲಿಂದ ರಟೋತ್, ರಟೋತ್‌ನಿಂದ ಫೇರಿಹೌಸ್. ರಸ್ತೆಯ ಒಂದು ಕಡೆ ರೇಸ್‌ಕೋರ್ಸು. ಈಸ್ಟರ್ ಸೋಮವಾರ ಐರಿಷ್ ಗ್ರ್ಯಾಂಡ್ ನ್ಯಾಷನಲ್ ಪಂದ್ಯ ಓಡುವುದು ಇಲ್ಲೇ. ಇನ್ನೊಂದು ಕಡೆ ಟ್ಯಾಟರ್ಸಾಲ್ಸ್ ಐರ್ಲೆಂಡಿನ ಹರಾಜು ಕಟ್ಟೆ, ಅದರ ಹಿಂದೆ ಸಾಲು ಸಾಲು ಲಾಯಗಳು. ಟ್ಯಾಟರ್ಸಾಲ್ಸ್ 1766ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಂಸ್ಥೆ. ಕಿಲ್ಡೇರ್ ಕಡೆ ಕಿಲ್ ಎಂಬಲ್ಲಿರುವ ಗಾಫ್ಸ್ ಅದಕ್ಕಿಂತ ಸರಿಯಾಗಿ ನೂರು ವರ್ಷಕ್ಕೆ ಕಿರಿದು. ಐರ್ಲೆಂಡಿನಲ್ಲಿ ಬೇಲಿ ಹಾರುವ ಜಂಪ್ ಕುದುರೆಯ ವ್ಯಾಪಾರ ಈ ಎರಡು ಬಾಗಿಲುಗಳಲ್ಲೇ ಹೆಚ್ಚು. ಗಾಫ್ಸ್‌ನ ದೊಡ್ಡ ಹರಾಜಿಗೆ ಈಗ ಆರ್ಕಲ್ ಹೆಸರನ್ನೇ ಇಟ್ಟಿದ್ದಾರೆ. ಫೇರಿಹೌಸಿನದು ಡರ್ಬಿ ಸೇಲ್, ಜೂನ್ ಕೊನೆಯಲ್ಲಿ.

ಬೆಂಗಳೂರು, ಮೈಸೂರಿನಲ್ಲಿ ನಾವು ನೋಡುವ ರೇಸಿಗೂ ಇದಕ್ಕೂ ಸಂಬಂಧ ಕಡಿಮೆ. ಅಲ್ಲಿನದು ಫ್ಲ್ಯಾಟ್, ಸಮತಟ್ಟು ಹುಲ್ಲಿನ ಮೇಲೆ ನಿಮಿಷ ಎರಡು ನಿಮಿಷದ ಓಟ. ಆ ಕುದುರೆಗಳನ್ನು ವರ್ಷ ತುಂಬಿದ ಮೇಲೆ ಮಾರುತ್ತಾರೆ, ಎರಡನೇ ವರ್ಷಕ್ಕೇ ಓಡಿಸುತ್ತಾರೆ. ಜಂಪ್ ಎಂದರೆ ಕನಿಷ್ಠ ಎರಡು ಮೈಲಿ, ನಡುವೆ ಬೇಲಿಗಳು; ದೊಡ್ಡ ಬೇಲಿಯಾದರೆ ನಾಲ್ಕೂವರೆ ಅಡಿಗೆ ಕಡಿಮೆಯಿಲ್ಲ. ಲಿವರ್‌ಪೂಲ್ ಪಕ್ಕ ನಡೆಯುವ ಗ್ರ್ಯಾಂಡ್ ನ್ಯಾಷನಲ್ ಪಂದ್ಯದಲ್ಲಿ ನಾಲ್ಕೂಕಾಲು ಮೈಲಿಗೂ ಹೆಚ್ಚು ದೂರ, ಮೂವತ್ತು ಜಿಗಿತ. ಇದು ಹುಟ್ಟಿದ್ದೇ ಐರ್ಲೆಂಡಿನಲ್ಲಿ. 1752ರಲ್ಲಿ ಕಾರ್ಕ್ ಕೌಂಟಿಯ ಇಬ್ಬರು ಪಣ ಕಟ್ಟಿ ಬಟಿವೆಂಟ್ ಊರಿನ ಚರ್ಚಿನಿಂದ ಡೊನರೇಲ್ ಊರಿನ ಚರ್ಚಿನವರೆಗೆ, ಗೋಪುರ ಕಣ್ಣಳತೆಯಲ್ಲಿಟ್ಟುಕೊಂಡು, ಅಡ್ಡ ಬಂದ ಬೇಲಿ ಹಳ್ಳ ಎಲ್ಲ ಹಾರಿಸುತ್ತಾ ಹೋದರು. ಸ್ಟೀಪಲ್ ಎಂದರೆ ಆ ಗೋಪುರ, ಸ್ಟೀಪಲ್‌ಚೇಸ್ ಆಯಿತು. ಇಂಥ ಓಟಕ್ಕೆ ಮೂಳೆ ಬಲಿಯಬೇಕು. ಹಾಗಾಗಿ ಮೂರು ವರ್ಷದವರೆಗೆ ಕುದುರೆಯನ್ನು ಹುಲ್ಲುಗಾವಲಿಗೆ ಬಿಟ್ಟು ಸುಮ್ಮನಿರುತ್ತಾರೆ. ಅದಕ್ಕೆ ಹೆಸರು 'ಸ್ಟೋರ್'. ಕೂಡಿಟ್ಟದ್ದು ಎಂಬ ಅರ್ಥ. ಇಲ್ಲಿನ ರೈತರು ಮೇಯಿಸಿ ಬಲಿಸಲು ಇಟ್ಟುಕೊಂಡ ದನಕ್ಕೂ ಅದೇ ಮಾತು ಹೇಳುತ್ತಾರೆ.

"ಅಂದ್ರೆ ಹೋರಿಗರು" ಎಂದರು ಅಪ್ಪ. ಒಂದು ಪದಕ್ಕೆ ಇಷ್ಟುದ್ದ ವಿವರಣೆ ಕೊಟ್ಟಿದ್ದಕ್ಕೆ ನನ್ನ ಮೇಲೆ ಸ್ವಲ್ಪ ಬೇಸರವೂ ಇತ್ತು.

ಹರಾಜಿನ ಹಿಂದಿನ ದಿನವೇ ನಿಜವಾದ ಹರಾಜು ಎಂದು ಹುಡುಗ ಫೋನಿನಲ್ಲಿ ಹೇಳಿದ್ದು ಗೇಟು ದಾಟುತ್ತಿದ್ದಂತೆ ಅರ್ಥವಾಯಿತು. ಕೈಯಲ್ಲಿ ದಪ್ಪ ಕೆಟಲಾಗು, ಬಾಯಲ್ಲಿ ಪೆನ್ನು, ಲಾಯದಿಂದ ಲಾಯಕ್ಕೆ ತಿರುಗುವ ಜನ. ಟ್ರೇನರುಗಳು, ಅವರ ಏಜೆಂಟರು, ಏಜೆಂಟರ ಹಿಂದೆ ದುಡ್ಡಿರುವ ಯಜಮಾನರು. ಬಂದವರು ನಂಬರು ಹೇಳುತ್ತಾರೆ. ಹುಡುಗ ಕುದುರೆಯನ್ನು ಹೊರಗೆ ತರುತ್ತಾನೆ, ಪಕ್ಕಕ್ಕೆ ನಿಲ್ಲಿಸುತ್ತಾನೆ. ನಾಲ್ಕೂ ಕಾಲು ಕಾಣಬೇಕು, ಹಾಗೆ ನಿಲ್ಲಿಸುವುದೇ ಒಂದು ಕಲೆ. ಆಮೇಲೆ ಗಟ್ಟಿ ನೆಲದ ಮೇಲೆ ಇಪ್ಪತ್ತು ಮಾರು ಆ ಕಡೆ, ಇಪ್ಪತ್ತು ಮಾರು ಈ ಕಡೆ, ನೇರ ನಡಿಗೆ. ನೋಡುವವರು ಒಮ್ಮೆ ಹಿಂದೆ, ಒಮ್ಮೆ ಮುಂದೆ ನಿಂತು ನೋಡುತ್ತಾರೆ. ಮುಟ್ಟಿ ಮುಂಗಾಲಿನ ನರ ಸವರುತ್ತಾರೆ. ಒಂದು ಮಾತಾಡುವುದಿಲ್ಲ. ಕೆಟಲಾಗಿನಲ್ಲಿ ಏನೋ ಗೀಚಿ, "ಥ್ಯಾಂಕ್ಯೂ" ಎಂದು ಹೋಗುತ್ತಾರೆ. ನಮ್ಮ ಹುಡುಗ ಬೆಳಗಿನಿಂದ ಅರವತ್ತು ಸಲ ನಡೆಸಿದ್ದ.

ಅವನ ಕುದುರೆ ಕೆಂಪು ಕಂದು ಮೈ, ಕಪ್ಪು ಕೇಸರ, ಹಿಂಗಾಲೊಂದಕ್ಕೆ ಬಿಳಿ ಕಾಲುಚೀಲ. ಪೃಷ್ಠದ ಮೇಲೆ ಲಾಟ್ ನಂಬರಿನ ಚೀಟಿ. ಎತ್ತರ 16 ಕೈ. ಇಲ್ಲಿ ಕುದುರೆಯನ್ನು ಅಂಗೈ ಅಗಲದಲ್ಲಿ ಅಳೆಯುತ್ತಾರೆ, ಒಂದು ಕೈಗೆ ನಾಲ್ಕು ಇಂಚು. ಅಪ್ಪ ಭುಜದ ಪಕ್ಕ ನಿಂತು ಗೇಣು ಹಾಕಿ, "ಏಳ್ ಗೇಣು, ಒಂದ್ ಬೆಟ್ಟು" ಎಂದು ತಮ್ಮ ಲೆಕ್ಕ ಒಪ್ಪಿಸಿದರು. ಆಮೇಲೆ ಹುಡುಗನ ಅಪ್ಪಣೆ ಕೇಳಿ ತುಟಿ ಸರಿಸಿದರು. ನಡುವೆ ಅಗಲವಾದ ಜೋಡಿ, ಅಕ್ಕಪಕ್ಕದಲ್ಲಿ ಇನ್ನೂ ಚಿಕ್ಕ ಹಾಲುಹಲ್ಲು.

"ಎರಡ್ ಹಲ್ಲು!" ಅಪ್ಪನ ಮುಖ ಅರಳಿತು.

ಕುದುರೆಗೂ ದನದ ಹಾಗೇ ಹಾಲುಹಲ್ಲು ಉದುರಿ ನಡುವಿನ ಜೋಡಿ ಮೊದಲು ಬರುತ್ತದೆ, ಎರಡೂವರೆ ವರ್ಷದ ಹೊತ್ತಿಗೆ. ವರ್ಷಕ್ಕೊಂದು ಜೋಡಿಯಂತೆ ಐದಕ್ಕೆ ಹಲ್ಲೆಲ್ಲ ಬಂದು ಬಾಯಿಗೂಡುತ್ತದೆ. ಮೈಕ್ರೋಚಿಪ್ಪು ಇದೆ, ಪಾಸ್‌ಪೋರ್ಟ್ ಇದೆ, ಹಾಗಾಗಿ ವಯಸ್ಸಿಗೆ ಹಲ್ಲು ಹಿಡಿದು ನೋಡುವ ಅಗತ್ಯ ಈಗ ಯಾರಿಗೂ ಇಲ್ಲ. ಆದರೂ ಅಪ್ಪ ಬಾಯಿ ತೆರೆಸಿದ್ದನ್ನು ನೋಡಿ ಪಕ್ಕದ ಲಾಯದ ಮುದುಕನೊಬ್ಬ ಟೋಪಿ ಎತ್ತಿದ.

ಪಾಸ್‌ಪೋರ್ಟಿನದು ಇನ್ನೊಂದು ಕಥೆ. ಹುಡುಗ ತಂದು ತೋರಿಸಿದ. ಒಳಗೆ ಕುದುರೆಯ ರೇಖಾಚಿತ್ರ: ಎಡಮೈ, ಬಲಮೈ, ಮುಖ, ಕುತ್ತಿಗೆಯ ಕೆಳಭಾಗ. ಬಿಳಿ ಮಚ್ಚೆಗಳನ್ನು ಕೆಂಪು ಶಾಯಿಯಲ್ಲಿ ಬಿಡಿಸಿದ್ದರು. ಹಣೆಯ ಮೇಲೆ ಒಂದು, ಕುತ್ತಿಗೆಯ ಎರಡೂ ಕಡೆ ಒಂದೊಂದು ಪುಟ್ಟ ಗುಣಾಕಾರದ ಗುರುತು. ಇದೇನು ಎಂದೆ.

"ಸುಳಿ ಅಣ್ಣಾ. ಎರಡು ಕುದುರೆಗೆ ಒಂದೇ ಥರ ಸುಳಿ ಬರಲ್ವಲ್ಲ, ಗುರ್ತಿಗೆ ಅಂತ ಡಾಕ್ಟ್ರು ಬರೀತಾರೆ."

ಅಪ್ಪ ಕನ್ನಡಕ ಹಾಕಿಕೊಂಡು ಚಿತ್ರವನ್ನೂ ಕುದುರೆಯನ್ನೂ ಹೋಲಿಸಿ ನೋಡಿದರು. ಮೂರೂ ಸುಳಿ ಅವರ ಲೆಕ್ಕದಲ್ಲಿ ಶುದ್ಧ. ಸರ್ಕಾರಿ ಕಾಗದದಲ್ಲಿ ಸುಳಿ ಬರೆಯುವ ದೇಶದ ಬಗ್ಗೆ ಅವರಿಗೆ ಅವತ್ತಿನಿಂದ ಗೌರವ ಬಂತು. ಅದು ಗುರುತಿಗೇ ಹೊರತು ಫಲಕ್ಕಲ್ಲ ಎಂದು ನಾನು ಎರಡು ಸಲ ಹೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಟಲಾಗು ಓದುವುದನ್ನು ಮಧ್ಯಾಹ್ನ ಚಪಾತಿ ಬಿಚ್ಚಿಕೊಂಡು ಹುಲ್ಲಿನ ಮೇಲೆ ಕೂತಾಗ ಹುಡುಗ ಹೇಳಿಕೊಟ್ಟ. ಒಂದು ಕುದುರೆಗೆ ಒಂದು ಪುಟ. ತಂದೆಯ ಬಗ್ಗೆ ಮೇಲೆ ನಾಲ್ಕು ಸಾಲು, ಉಳಿದದ್ದೆಲ್ಲ ತಾಯಿ, ಅಜ್ಜಿ, ಮುತ್ತಜ್ಜಿಯರ ಸಂತಾನ. ದೊಡ್ಡ ಪಂದ್ಯ ಗೆದ್ದ ಹೆಸರು ದಪ್ಪ ದೊಡ್ಡಕ್ಷರದಲ್ಲಿ. ಅಂಥ ಪಂದ್ಯದಲ್ಲಿ ಎರಡನೆಯದೋ ಮೂರನೆಯದೋ ಬಂದಿದ್ದರೆ ದಪ್ಪ ಚಿಕ್ಕಕ್ಷರದಲ್ಲಿ. ಇದನ್ನೇ ಬ್ಲ್ಯಾಕ್ ಟೈಪ್ ಅನ್ನುವುದು. ಪುಟ ಕಪ್ಪಾದಷ್ಟೂ ಬೆಲೆ ಏರುತ್ತದೆ. ತಂದೆ ಒಂದೇ ಆದರೆ ಇಲ್ಲಿ ಅಣ್ಣತಮ್ಮ ಅನ್ನುವುದಿಲ್ಲ. ಒಂದು ಗಂಡು ಒಂದೇ ಋತುವಿನಲ್ಲಿ ನೂರಾರು ಹೆಣ್ಣಿಗೆ ಹೋಗುತ್ತದೆ, ಆ ಲೆಕ್ಕ ಹಿಡಿದರೆ ಇಡೀ ಹರಾಜು ಕಟ್ಟೆಯೇ ಒಂದು ಕುಟುಂಬವಾಗುತ್ತದೆ. ತಾಯಿ ಒಂದೇ ಇದ್ದರೆ ಮಾತ್ರ ಸಂಬಂಧ.

"ಇದರ ತಂದೆ ದೊಡ್ಡ ಬೇಲಿ ಹಾರಿತ್ತಾ?" ಅಪ್ಪ ಕೇಳಿದರು.

ಹುಡುಗ ನಕ್ಕ. "ಇಲ್ಲ ದೊಡ್ಡಪ್ಪಾ, ಅದು ಫ್ಲ್ಯಾಟ್ ಕುದುರೆ. ಬೇಲಿ ಹಾರೋ ಗಂಡು ಕುದುರೆಗೆಲ್ಲ ಚಿಕ್ಕಂದಿನಲ್ಲೇ ಬೀಜ ಒಡೆಸಿಬಿಡ್ತಾರೆ. ಇದಕ್ಕೂ ಒಡೆಸಿದೆ."

ಅಪ್ಪ ಚಪಾತಿ ಹಿಡಿದ ಕೈ ಹಾಗೇ ನಿಲ್ಲಿಸಿದರು. ಆರ್ಕಲ್‌ಗೂ ಒಡೆಸಿತ್ತು. ಗ್ರ್ಯಾಂಡ್ ನ್ಯಾಷನಲ್ ಮೂರು ಸಲ ಗೆದ್ದ ರೆಡ್ ರಮ್‌ಗೂ ಒಡೆಸಿತ್ತು. ಅಂದರೆ ಈ ಆಟದ ಅತಿ ದೊಡ್ಡ ವೀರರಿಗೆ ಮಕ್ಕಳೇ ಇಲ್ಲ. ಹತ್ತು ವರ್ಷ ಓಡಬೇಕಾದ ಕುದುರೆ ಶಾಂತವಾಗಿರಬೇಕು, ಕತ್ತು ದಪ್ಪವಾಗಬಾರದು, ಪಕ್ಕದಲ್ಲಿ ಹೆಣ್ಣು ಕುದುರೆ ಓಡಿದರೆ ಕೆರಳಬಾರದು. ಹಾಗಾಗಿ ವಂಶ ನಡೆಸುವ ಗಂಡುಗಳು ಬಹುಪಾಲು ಬೇಲಿಯ ರುಚಿ ಕಾಣದ ಫ್ಲ್ಯಾಟ್ ಕುದುರೆಗಳು. ಅವುಗಳ ಮಕ್ಕಳು ಬೇಲಿ ಹಾರಿ ಹೆಸರು ಮಾಡಿದ ಮೇಲೆ ತಂದೆಗೆ ಬೆಲೆ ಬರುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ಸಲ ತಂದೆಗೆ ವಯಸ್ಸಾಗಿರುತ್ತದೆ, ಇಲ್ಲವೇ ಸತ್ತಿರುತ್ತದೆ.

"ಹಂಗಾದ್ರೆ ಇವೆಲ್ಲ ಎತ್ತುಗಳು ಕಣೋ" ಎಂದರು ಅಪ್ಪ. ಆ ಸಾಲು ಲಾಯಗಳನ್ನು ಅವರು ಅಲ್ಲಿಂದ ಮುಂದೆ ನೋಡಿದ ರೀತಿಯೇ ಬದಲಾಯಿತು. ಭಯ ಹೋಯಿತು, ಸಲಿಗೆ ಬಂತು. ಸಂಜೆಯವರೆಗೆ ನಾವು ಮೂವತ್ತು ಕುದುರೆ ನಡೆಸಿ ನೋಡಿದೆವು. ಕೊಳ್ಳುವವರಲ್ಲ ಎಂದು ಗೊತ್ತಿದ್ದೂ ಯಾರೂ ಬೇಡವೆನ್ನಲಿಲ್ಲ. ಹಿಂಗಾಲಿನ ಗೊರಸು ಮುಂಗಾಲಿನ ಗುರುತು ದಾಟಿ ಬಿದ್ದರೆ ಅಪ್ಪ ತಲೆಯಾಡಿಸುತ್ತಿದ್ದರು. ಒಂದು ಕುದುರೆಯ ಮುಂದೆ ಮಾತ್ರ, ಜನ ಗುಂಪುಗಟ್ಟಿ ನಿಂತಿದ್ದರೂ, ತಲೆ ಅಡ್ಡ ಹಾಕಿ ಮುಂದೆ ನಡೆದರು. "ಮಂಡಿ ಹಿಂದಕ್ಕೆ ಬಾಗದೆ. ಭಾರ ಬಿದ್ರೆ ತಡೆಯಲ್ಲ." ಎತ್ತರದಿಂದ ಇಳಿಯುವ ಕುದುರೆಗೆ ಇಲ್ಲಿಯವರೂ ಅದನ್ನೇ ದೊಡ್ಡ ಐಬು ಎನ್ನುತ್ತಾರೆ.

ಬುಧವಾರ

ಹರಾಜು ಕಟ್ಟೆ ನಾಟಕಶಾಲೆಯ ಹಾಗಿದೆ. ನಡುವೆ ದುಂಡನೆಯ ಕಣ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಕುರ್ಚಿ, ಎತ್ತರದ ಪೀಠದಲ್ಲಿ ಕೂಗುವವನು. ಗೋಡೆಯ ಬೋರ್ಡಿನಲ್ಲಿ ಯೂರೋ, ಪೌಂಡು ಎರಡರಲ್ಲೂ ಅಂಕಿ ಓಡುತ್ತದೆ. ಕೂಗುವವನು ದೊಡ್ಡ ಮೊತ್ತದಿಂದ ಶುರು ಮಾಡುತ್ತಾನೆ. ಯಾರೂ ಅಲುಗದಿದ್ದಾಗ ಜರ್ರನೆ ಕೆಳಗಿಳಿದು, ಒಬ್ಬ ಕಣ್ಣು ಮಿಟುಕಿಸಿದರೆ ಅಲ್ಲಿಂದ ಮತ್ತೆ ಹತ್ತುತ್ತಾನೆ. ಒಂದು ಕುದುರೆಗೆ ಎರಡು ಮೂರು ನಿಮಿಷ. ಮೂರು ವರ್ಷ ಮೇಯಿಸಿದ್ದು ಆ ಎರಡು ನಿಮಿಷಕ್ಕೆ.

ನನಗೆ ಮೊದಲ ಒಂದು ಗಂಟೆ ಬೆಲೆ ಏರಿಸುವವರು ಯಾರೆಂದೇ ಗೊತ್ತಾಗಲಿಲ್ಲ. ಕೆಟಲಾಗಿನ ತುದಿ ಎತ್ತುವುದು, ಹುಬ್ಬು ಹಾರಿಸುವುದು, ಬಾಗಿಲ ಬಳಿ ಕಂಬಕ್ಕೆ ಒರಗಿದವನು ಬೆರಳು ಸರಿಸುವುದು, ಇಷ್ಟೇ. ಅಪ್ಪ ಹತ್ತು ನಿಮಿಷಕ್ಕೇ ಹಿಡಿದರು. "ಆ ಹಸಿರು ಕೋಟು. ಈಗ ಕಂಬದವನು. ಮತ್ತೆ ಕೋಟು." ಟವೆಲ್ ಕೆಳಗೆ ಬೆರಳು ಹಿಡಿದು ಸಾವಿರದ ಲೆಕ್ಕ ಮಾತಾಡಿದ ಕೈಗೆ ಇದೇನು ಕಷ್ಟ? ಟವೆಲ್ಲಿನಡಿ ಇಬ್ಬರಿಗೆ ಮಾತ್ರ ಬೆಲೆ ಗೊತ್ತು. ಇಲ್ಲಿ ಬೆಲೆ ಎಲ್ಲರಿಗೂ ಗೊತ್ತು, ಕೊಳ್ಳುವವನು ಯಾರೆಂಬುದು ಗುಟ್ಟು. ಯಾವುದು ಮೇಲು ಎಂದು ಕೂತಲ್ಲೇ ವಾದ ಮಾಡಿದೆವು.

ಬೆಳಗಿನ ಹೊತ್ತಿನಲ್ಲಿ ಒಂದು ಕುದುರೆ ಒಂದು ಲಕ್ಷ ಯೂರೋ ದಾಟಿತು. ಕಣದಲ್ಲಿ ಸದ್ದಡಗಿತು, ಹೊರಗೆ ಟೀ ಕುಡಿಯುತ್ತಿದ್ದವರೂ ಒಳಗೆ ಬಂದು ನಿಂತರು. ಅಪ್ಪ ಪಿಸುಗುಟ್ಟಿದರು: "ನೂರರಿಂದ ಗುಣಿಸ್ಲಾ?" ಗುಣಿಸಿದೆ. "ಒಂದ್ ಕೋಟಿ. ಜೀನು ಹಾಕ್ದಿರೋ ಎತ್ತಿಗೆ."

ಇಷ್ಟು ದುಡ್ಡು ಸುರಿಯುವವರಲ್ಲಿ ಸ್ವಂತಕ್ಕೆ ಓಡಿಸುವ ಶ್ರೀಮಂತರು ಒಂದು ಕಡೆ. ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಗುಂಪು, ವೆಕ್ಸ್‌ಫರ್ಡ್ ಕಡೆಯ ಪಾಯಿಂಟ್ ಟು ಪಾಯಿಂಟ್ ಹುಡುಗರು. ಕೆಲವರಿಗೆ ಇನ್ನೂ ಮೂವತ್ತೂ ಆಗಿರಲಿಲ್ಲ. ಇವರು ಜೂನ್‌ನಲ್ಲಿ ಮೂರು ವರ್ಷದ್ದನ್ನು ಕೊಂಡು, ಬೇಸಿಗೆಯಲ್ಲಿ ಜೀನಿಗೆ ಪಳಗಿಸಿ, ಚಳಿಗಾಲದಲ್ಲಿ ಬೇಲಿ ಕಲಿಸಿ, ಅದಕ್ಕೆ ನಾಲ್ಕಾದಾಗ ಹೊಲಗಳಲ್ಲಿ ನಡೆಯುವ ಹವ್ಯಾಸಿ ಪಂದ್ಯದಲ್ಲಿ ಮೂರು ಮೈಲಿ ಓಡಿಸುತ್ತಾರೆ. ಗೆದ್ದರೆ ವಾರದೊಳಗೆ ಇಂಗ್ಲೆಂಡಿನ ಹರಾಜಿನಲ್ಲಿ ಬೆಲೆ ಹಲವು ಪಟ್ಟು. ಗೆಲ್ಲಲೇಬೇಕೆಂದೂ ಇಲ್ಲ. ಕಾನ್‌ಸ್ಟಿಟ್ಯೂಷನ್ ಹಿಲ್ ಎಂಬ ಕುದುರೆ 2021ರಲ್ಲಿ ಇಂಥದ್ದೊಂದು ಪಂದ್ಯದಲ್ಲಿ ಎರಡನೆಯದಾಗಿ ಬಂದು 1,20,000 ಪೌಂಡಿಗೆ ಹೋಯಿತು, 2023ರಲ್ಲಿ ಚೆಲ್ಟ್‌ನಮ್‌ನ ಚಾಂಪಿಯನ್ ಹರ್ಡಲ್ ಗೆದ್ದಿತು. ಬಿದ್ದು ಕಾಲು ಮುರಿದರೆ ಬಂಡವಾಳ ಅಲ್ಲೇ ಮಣ್ಣು. ಎತ್ತು ಕುಂಟಾದರೂ ಗಾಣಕ್ಕೆ ಕಟ್ಟಬಹುದಿತ್ತು, ಇದರದು ಹಾಗಲ್ಲ. ಈ ಮಾತನ್ನು ಲಾಯದವರು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಕೇಳಿದರೆ ಬೂಟಿನ ತುದಿ ನೋಡುತ್ತಾರೆ. ನಾನು ಎರಡನೇ ಸಲ ಕೇಳಲಿಲ್ಲ, ಆದರೆ ಅದನ್ನು ಮರೆತು ಆ ಕಣ ನೋಡಲು ನನ್ನಿಂದ ಆಗಲೂ ಇಲ್ಲ.

ನಮ್ಮ ಕುದುರೆಯ ಸರದಿ ಸಂಜೆ ಆರರ ಮೇಲೆ. ಅಷ್ಟರಲ್ಲಿ ಹುಡುಗ ಲೆಕ್ಕ ಬಿಚ್ಚಿಟ್ಟ. ಅವನ ಯಜಮಾನ ಇದೇ ಫೇರಿಹೌಸಿನ ನವೆಂಬರ್ ಹರಾಜಿನಲ್ಲಿ, ತಾಯಿ ಬಿಡಿಸಿದ ಮರಿಯಾಗಿದ್ದಾಗ, 17,000 ಯೂರೋಗೆ ಕೊಂಡದ್ದು. ಎರಡೂವರೆ ವರ್ಷದ ಹುಲ್ಲು, ಮೇವು, ಲಾಳ, ಡಾಕ್ಟರು ಎಲ್ಲ ಸೇರಿ ದಿನಕ್ಕೆ ಹತ್ತು ಯೂರೋ ಅಂದರೂ ಒಂಬತ್ತು ಸಾವಿರದ ಮೇಲೆ. ಹರಾಜಿಗೆ ಮುಂಚೆ ಹತ್ತು ವಾರ ಲಾಯಕ್ಕೆ ತಂದು ಓಟ್ಸ್ ತಿನ್ನಿಸಿ, ದಿನಾ ನಡೆಸಿ, ಮೈ ಉಜ್ಜಿ ಹೊಳೆಸಿದ ಖರ್ಚು ಬೇರೆ. ಎಕ್ಸ್‌ರೇ ಬೇರೆ. 29,000 ಬಂದರೆ ಹಾಕಿದ್ದು ಬಂತು. ಯಜಮಾನ ಕಚೇರಿಗೆ ಕೊಟ್ಟ ಗುಟ್ಟಿನ ಕನಿಷ್ಠ ಬೆಲೆ 32,000.

ಒಳಗೆ ಬಂತು. ಹುಡುಗ ಬಿಳಿ ಅಂಗಿ, ಟೈ ಕಟ್ಟಿಕೊಂಡು ಹಿಡಿದಿದ್ದ. ಕುದುರೆ ದೀಪ ನೋಡಿ ಒಮ್ಮೆ ಕಿವಿ ನಿಮಿರಿಸಿತು, ಆಮೇಲೆ ಹುಡುಗನ ತೋಳಿಗೆ ಮೂತಿ ತಾಗಿಸಿಕೊಂಡು ನಡೆಯಿತು. ಕೂಗುವವನು ಐವತ್ತು ಅಂದ, ನಲವತ್ತು ಅಂದ, ಮೂವತ್ತು, ಇಪ್ಪತ್ತು. ಹತ್ತಕ್ಕೆ ಒಬ್ಬ ಸಿಕ್ಕಿದ. ಹನ್ನೆರಡು, ಹದಿನೈದು, ಹದಿನೆಂಟು ಚುರುಕಾಗಿ ಏರಿತು. ಇಪ್ಪತ್ತರ ಮೇಲೆ ಸಾವಿರ ಸಾವಿರವಾಗಿ. ಇಪ್ಪತ್ತೈದರಲ್ಲಿ ಒಬ್ಬ ಕೈಬಿಟ್ಟ, ಇನ್ನೊಬ್ಬ ಹೊಸಬ ಬಂದ. ಇಪ್ಪತ್ತೇಳು. ಕೂಗುವವನು ಸುತ್ತ ನೋಡಿದ, ಕುದುರೆಯ ನಡಿಗೆ ಹೊಗಳಿದ, ತಾಯಿಯ ಕಡೆಯ ಒಂದು ದಪ್ಪಕ್ಷರದ ಹೆಸರನ್ನು ಮತ್ತೊಮ್ಮೆ ನೆನಪಿಸಿದ. ಕಂಬದವನು ತಲೆ ಅಡ್ಡ ಹಾಕಿ ಹೊರಗೆ ಹೋದ. ಸುತ್ತಿಗೆ ಬಿತ್ತು. "ನಾಟ್ ಸೋಲ್ಡ್."

ಹುಡುಗ ಕುದುರೆಯನ್ನು ಇನ್ನೊಂದು ಬಾಗಿಲಿನಿಂದ ಹೊರಗೆ ನಡೆಸಿದ. ಆ ಬಾಗಿಲಿನಿಂದ ಹೊರಬರುವ ಕುದುರೆಗಳ ಮುಖ ನೋಡಿದರೆ ಮಾರಾಟವಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ, ಹಿಡಿದವರ ಮುಖ ನೋಡಬೇಕು.

ಅಪ್ಪ ಮನೆ ತಲುಪುವವರೆಗೆ ಮಾತಾಡಲಿಲ್ಲ. ಮೊಸರನ್ನ ಕಲಸಿಕೊಳ್ಳುವಾಗ ಹೇಳಿದರು: "ಜಾತ್ರೆಯಿಂದ ಜೋಡಿ ವಾಪಸ್ ಹೊಡ್ಕೊಂಡ್ ಬರೋದು ನಿಂಗೊತ್ತಿಲ್ಲ. ಹೋಗುವಾಗ ಎಂಟು ಮೈಲಿ. ಬರುವಾಗ ಹದಿನಾರು."

ಗುರುವಾರ

ನಾವು ಹೋಗಬೇಕೆಂದೇನೂ ಇರಲಿಲ್ಲ. ಅಪ್ಪ ಆರಕ್ಕೇ ಎದ್ದು ಸ್ವೆಟರ್ ಹಾಕಿಕೊಂಡು ಕೂತಿದ್ದರು.

ಮಳೆ ಹನಿಯುತ್ತಿತ್ತು. ಲಾಯದ ಬಾಗಿಲಲ್ಲಿ ಮೂರು ಜನ. ಹುಡುಗನ ಯಜಮಾನ, ನಿನ್ನೆ ಕಂಬಕ್ಕೆ ಒರಗಿದ್ದವನು, ನಡುವೆ ಒಬ್ಬ ದಪ್ಪ ಮೂಗಿನ ಹಿರಿಯ. ಅವನು ಒಮ್ಮೆ ಇವನ ಭುಜ ಹಿಡಿಯುತ್ತಾನೆ, ಒಮ್ಮೆ ಅವನನ್ನು ಮೂಲೆಗೆ ಕರೆದು ಕಿವಿಯಲ್ಲಿ ಊದುತ್ತಾನೆ. "ದಲ್ಲಾಳಿ" ಎಂದರು ಅಪ್ಪ, ಕಳೆದುಹೋದ ನೆಂಟ ಸಿಕ್ಕಿದವರ ಹಾಗೆ. ಹಳೆಯ ಐರಿಷ್ ಜಾತ್ರೆಗಳಲ್ಲಿ ಈ ಕೆಲಸದವನಿಗೆ ಟ್ಯಾಂಗ್ಲರ್ ಎನ್ನುತ್ತಿದ್ದರು. ಇಬ್ಬರ ಕೈ ಎಳೆದು ಒಂದರ ಮೇಲೊಂದು ಬಡಿಸುವವರೆಗೆ ಬಿಡುತ್ತಿರಲಿಲ್ಲವಂತೆ. ಈ ಹಿರಿಯ ದಲ್ಲಾಳಿಯೇ ಅಲ್ಲ, ಯಜಮಾನನ ನೆರೆಯವನು, ಸುಮ್ಮನೆ ಬಂದವನು. ಆದರೂ ರಕ್ತದಲ್ಲಿ ಇರುತ್ತದಲ್ಲ.

ಕೊಳ್ಳುವವನಿಗೆ ಒಂದೇ ಸಂಶಯ, ಉಸಿರು. ಎತ್ತರದ ಕುದುರೆಗಳಿಗೆ ಗಂಟಲಿನ ಒಂದು ಬದಿ, ಬಹುಪಾಲು ಎಡದ್ದು, ಸೋತು ಓಡುವಾಗ ಸಿಳ್ಳಿನಂಥ ಸದ್ದು ಬರುವ ರೋಗ ಉಂಟು. ನಿಂತಾಗ ಗೊತ್ತಾಗುವುದಿಲ್ಲ. ಉದ್ದ ಹಗ್ಗ ಕಟ್ಟಿ ದುಂಡಗೆ ಓಡಿಸಿ ಡಾಕ್ಟರು ಕಿವಿಗೊಟ್ಟು ಕೇಳಬೇಕು. ಅದೂ ಆಯಿತು. ಹುಡುಗ ಮಳೆಯಲ್ಲಿ ನಡುವೆ ನಿಂತು ಎಡಕ್ಕೆ ಹತ್ತು ಸುತ್ತು, ಬಲಕ್ಕೆ ಹತ್ತು ಸುತ್ತು ಓಡಿಸಿದ. ಡಾಕ್ಟರು, ಕೊಳ್ಳುವವನು, ಅಪ್ಪ, ಮೂವರೂ ಒಂದೇ ಕಡೆ ಕತ್ತು ವಾಲಿಸಿ ನಿಂತಿದ್ದರು. ಗೊರಸಿನ ಸದ್ದು, ಉಸಿರಿನ ಬುಸಬುಸ, ಬೇರೇನೂ ಇಲ್ಲ.

"ಗಾಳಿ ಚೊಕ್ಕಟ" ಎಂದರು ಅಪ್ಪ. ಡಾಕ್ಟರು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು.

30,000ಕ್ಕೆ ಕೈ ಕೂಡಿತು. ಕಾಗದ ಎಲ್ಲ ಹರಾಜು ಕಚೇರಿಯ ಮೂಲಕವೇ, ಕಮಿಷನ್ನು ಅಲ್ಲಿಗೇ. ಕಮಿಷನ್ ಕಳೆದರೆ ಯಜಮಾನನಿಗೆ ಉಳಿದದ್ದು ಎರಡೂವರೆ ವರ್ಷದ ಕೆಲಸ ಮತ್ತು ಸ್ವಲ್ಪ ನಷ್ಟ. ಅಂಥದ್ದರಲ್ಲೂ ಆತ ಜೇಬಿನಿಂದ ಮಡಿಸಿದ ನೋಟು ತೆಗೆದು ಕೊಂಡವನ ಕೈಗಿಟ್ಟ. ಅಪ್ಪ ಗಾಬರಿಯಾದರು. "ಮಾರ್ದೋನು ಯಾಕೆ ದುಡ್ಡು ಕೊಡ್ತಾನೆ?" ಅದು ಲಕ್ ಮನಿ, ಕುದುರೆ ಕೊಂಡವನಿಗೆ ಒಳ್ಳೆಯದಾಗಲಿ ಎಂದು ಮಾರಿದವನು ಬೆಲೆಯಲ್ಲಿ ಸ್ವಲ್ಪ ಹಿಂದಿರುಗಿಸುವ ಪದ್ಧತಿ, ಎಂದು ಹುಡುಗ ಹೇಳಿದ. ನಮ್ಮಲ್ಲಿ ಸಂಚಕಾರ ಅಂತ ಮುಂಗಡ ಕೊಡುವವನು ಕೊಳ್ಳುವವನು. ಅಪ್ಪ ಇದನ್ನು ಬಹಳ ಹೊತ್ತು ಮನಸ್ಸಿನಲ್ಲೇ ತಿರುಗಿಸಿ ನೋಡಿದರು.

ಲಾರಿ ಬಂತು. ವೆಕ್ಸ್‌ಫರ್ಡಿಗೇ ಹೋಗುವುದು, ಹುಡುಗನ ಲಾಯದಿಂದ ಹದಿನೈದು ಮೈಲಿ. ಚಳಿಗಾಲದಲ್ಲಿ ಯಾವುದಾದರೂ ಹೊಲದ ಪಂದ್ಯದಲ್ಲಿ ಇದನ್ನು ನೋಡುವೆ ಎಂದು ಅವನು ಎರಡು ಸಲ ಹೇಳಿದ, ನಮಗೋ ತನಗೋ. ಕೊಂಡವನ ಕಡೆಯ ಹುಡುಗಿ ತಮ್ಮ ಲಾಯದ ನೈಲಾನ್ ಮುಖಪಟ್ಟಿ ಹಿಡಿದುಕೊಂಡು ಬಂದಳು. ಕುಣಿಗಲ್ ಹುಡುಗ ಅದನ್ನು ಕುತ್ತಿಗೆಗೆ ಹಾಕಿ, ಆಮೇಲೆ ತಾನು ಹಾಕಿದ್ದ ಚರ್ಮದ ಪಟ್ಟಿಯ ಬಕಲು ಬಿಚ್ಚಿದ. ಹಿತ್ತಾಳೆಯನ್ನು ಬೆಳಗ್ಗೆಯೇ ತಿಕ್ಕಿ ಹೊಳೆಸಿದ್ದ. ಕುದುರೆ ಆ ಒಂದು ಕ್ಷಣ ಮುಖದ ಮೇಲೆ ಏನೂ ಇಲ್ಲದೆ ನಿಂತಿತ್ತು.

ನಮ್ಮ ಮನೆಯಲ್ಲಿ ಎತ್ತು ಕೊಟ್ಟರೆ ಹಗ್ಗ ಕೊಡುತ್ತಿರಲಿಲ್ಲ. ಕೊಂಡವನು ತನ್ನ ಹಗ್ಗ ತರಬೇಕು. ಹಳೇ ಹಗ್ಗಗಳು ಹಟ್ಟಿಯ ಮೊಳೆಗೆ ಸಾಲಾಗಿ ತೂಗುತ್ತಿದ್ದವು. ಯಾವ ಹಗ್ಗ ಯಾವ ಜೋಡಿಯದು ಎಂದು ಅಮ್ಮನಿಗೂ ಗೊತ್ತಿರುತ್ತಿತ್ತು.

ಲಾರಿಯ ಹಲಗೆ ಮೇಲೆತ್ತಿದರು. ಹುಡುಗ ಪಟ್ಟಿಯನ್ನು ಅಂಗೈಗೆ ಸುತ್ತಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಅಪ್ಪ ಹತ್ತಿರ ಹೋಗಿ, "ಹೆಗಲಿಗೆ ಹಾಕ್ಕೊಳಪ್ಪಾ, ಕೈಯಲ್ಲಿಟ್ಕಬೇಡ" ಎಂದರು.